ಎರಡು ಪ್ರತಿ, ನಾಲ್ಕು ತೀರ್ಪು

ಬೆಲೆಯುಳ್ಳ ಕಾಗದವೊಂದು ಮನೆಯಲ್ಲಿದ್ದರೆ ಅದಕ್ಕೊಂದು ನಕಲು ಮಾಡಿಸಿಡುವುದು ಸಂಸಾರಸ್ಥರ ಹಳೆಯ ಪರಿಪಾಠ. ನಕಲು ಸಿದ್ಧವಾದ ಬಳಿಕ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವರು; ಮತ್ತೊಬ್ಬರು ನಕಲಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಹಿಂಬಾಲಿಸುವರು. ಕೊನೆಯ ಅಕ್ಷರದವರೆಗೂ ತಾಳೆಯಾದರೆ ಮಾತ್ರ ಮನಸ್ಸಿಗೆ ನೆಮ್ಮದಿ. ಇಂದು ಕಾಗದದ ಸ್ಥಾನಕ್ಕೆ ಕಂಪ್ಯೂಟರಿನ ಫೈಲು ಬಂದಿದೆ. ಓದುವವರೂ ಬೆರಳಿಡುವವರೂ ಆಗಿ ಯಂತ್ರವೊಂದೇ ನಿಂತಿದೆ. ಸಾವಿರ ಫೈಲುಗಳನ್ನು ಕೆಲವೇ ನಿಮಿಷಗಳಲ್ಲಿ ನೋಡಿ ಮುಗಿಸಿ "ಒಂದೇ" ಎಂದೋ "ಬೇರೆ" ಎಂದೋ ಅದು ತೀರ್ಪು ಕೊಡುತ್ತದೆ. ಆದರೆ ಅವೇ ಎರಡು ಪ್ರತಿಗಳ ವಿಷಯದಲ್ಲಿ ಯಂತ್ರವು ಬೆಳಿಗ್ಗೆ ಒಂದು ಮಾತು, ಸಂಜೆ ಇನ್ನೊಂದು ಮಾತು ಆಡಿದರೆ ಯಾವುದನ್ನು ನಂಬಬೇಕು?

ಉದಾಹರಣೆಗಾಗಿ ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಅವರ ಪತ್ನಿ ಬದುಕಿದ್ದಾಗ ಹಾಡುತ್ತಿದ್ದ ಬೀಸುವ ಕಲ್ಲಿನ ಹಾಡು, ಸೋಬಾನೆ ಪದ, ಊರ ಯಲ್ಲಮ್ಮನ ಮೇಲಿನ ಹಾಡುಗಳನ್ನೆಲ್ಲ ಅವರು ವರ್ಷಗಟ್ಟಲೆ ಕುಳಿತು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದಾರೆ. ಕೆಲವು ಹಾಡುಗಳು ಆಕೆಯ ಕಂಠದಲ್ಲಿಯೇ ಧ್ವನಿಮುದ್ರಣವಾಗಿ ಉಳಿದಿವೆ. ಜೊತೆಗೆ ಮಕ್ಕಳ ಮದುವೆಯ ಫೋಟೋಗಳು, ಹೊಲದ ಪಹಣಿಯ ಪ್ರತಿ. ಕಂಪ್ಯೂಟರಿಗೆ ಮುಪ್ಪು ಬಂದು ಗುಜರಿಗೆ ಹೋಗುವ ಕಾಲ ಸನ್ನಿಹಿತವಾಗಿದೆ. ರಾಯಚೂರಿನಲ್ಲಿ ಓದುತ್ತಿರುವ ಮೊಮ್ಮಗ ರಜೆಗೆ ಬಂದವನು ಎಲ್ಲವನ್ನೂ ಒಂದು ಪೆನ್ ಡ್ರೈವಿಗೆ ಇಳಿಸಿ, ಮೂಲವನ್ನು ಅಳಿಸುವ ಮುನ್ನ ಫೈಲುಗಳನ್ನು ಹೋಲಿಸುವ ತಂತ್ರಾಂಶದಿಂದ ತಾಳೆ ನೋಡುತ್ತಾನೆ.

"ಅಜ್ಜಾ, ತಾರೀಖು ಹಿಡಿದು ನೋಡಿದ್ರ ಎಲ್ಲಾ ಬ್ಯಾರೆ ಅಂತದ. ಅಳತಿ ಹಿಡಿದು ನೋಡಿದ್ರ ಎಲ್ಲಾ ಒಂದೇ ಅಂತದ" ಎಂದು ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಒಳಗಿನ ಅಕ್ಷರ ಅಕ್ಷರವನ್ನೂ ಓದಿ ಹೋಲಿಸುವಂತೆ ಅಪ್ಪಣೆ ಮಾಡಿದಾಗ ಯಂತ್ರವು ಮತ್ತೆ "ಎಲ್ಲವೂ ಒಂದೇ" ಎನ್ನುತ್ತದೆ. ಸಂಜೆ ಪೆನ್ ಡ್ರೈವನ್ನು ಕಿತ್ತು, ಪುನಃ ಸಿಕ್ಕಿಸಿ, ಅದೇ ಪರೀಕ್ಷೆ ನಡೆಸಿದರೆ ಒಂದು ಫೈಲಿನ ಮುಂದೆ ಕೆಂಪು ಗುರುತು: "ಬೇರೆ".

"ಒಂದೇ ಒಂದು ಅಲ್ಲೇನು, ಅಳಿಸಿಬಿಡ್ಲೇನು ಅಜ್ಜಾ?"

"ತಡಿಯಪ್ಪ. ಅದು ಯಾವ ಫೈಲು, ಮೊದಲು ಅದನ್ನ ನೋಡು" ಎನ್ನುತ್ತಾರೆ ಉಪಾಧ್ಯಾಯರು.

ಎರಡು ಪ್ರತಿಗಳಿಗೆ ನಾಲ್ಕು ತೀರ್ಪು. ಹಾಗಾದರೆ ಯಂತ್ರ ಸುಳ್ಳು ಹೇಳಿತೆ? ಇಲ್ಲ. ನಾಲ್ಕು ಸಲವೂ ಅದು ತನಗೆ ಕಂಡದ್ದನ್ನೇ ಹೇಳಿತು. ಆದರೆ ಒಂದೊಂದು ಸಲ ಒಂದೊಂದು ಸಾಕ್ಷಿಯನ್ನು ಕರೆದು ಕೇಳಿತು. ಸಾಕ್ಷಿ ಬದಲಾದರೆ ತೀರ್ಪು ಬದಲಾಗುವುದು ನ್ಯಾಯಾಲಯದಲ್ಲಿಯೂ ಇರುವ ಮಾತೇ. ಆದಕಾರಣ ಆ ಸಾಕ್ಷಿಗಳ ಸ್ವಭಾವವನ್ನು ತಿಳಿದಿರುವುದು ಪ್ರತಿಯೊಂದು ಮನೆಗೂ ಅವಶ್ಯಕ.

ತಾರೀಖಿನ ಸಾಕ್ಷ್ಯ

ಫೈಲನ್ನು ಕೊನೆಯ ಬಾರಿ ತಿದ್ದಿದ ದಿನ ಮತ್ತು ವೇಳೆಯನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ಬರೆದಿಡುವ ಪದ್ಧತಿ ಮಾತ್ರ ಎಲ್ಲ ಕಡೆಯೂ ಒಂದೇ ಅಲ್ಲ. ಅನೇಕ ಪೆನ್ ಡ್ರೈವುಗಳಲ್ಲಿ ಇಂದಿಗೂ ಇರುವುದು ಫ್ಯಾಟ್ ಎಂಬ ಪದ್ಧತಿ. 1980ರ ದಶಕದ ಡಾಸ್ ಕಾಲದಿಂದ ನಡೆದುಬಂದದ್ದು. ಅಂದು ಸ್ಥಳವೆಂಬುದು ಬಹು ತುಟ್ಟಿ. ಗಂಟೆ, ನಿಮಿಷ, ಸೆಕೆಂಡು ಮೂರಕ್ಕೂ ಸೇರಿಸಿ ಕೊಟ್ಟದ್ದು 16 ಬಿಟ್‌ಗಳಷ್ಟೇ. ಗಂಟೆಗೆ 5, ನಿಮಿಷಕ್ಕೆ 6 ಬಿಟ್ ಹೋದರೆ ಸೆಕೆಂಡಿಗೆ ಉಳಿಯುವುದು 5. ಐದು ಬಿಟ್‌ಗಳಲ್ಲಿ ಬರೆಯಬಹುದಾದ ಸಂಖ್ಯೆಗಳು 32. ಒಂದು ನಿಮಿಷಕ್ಕೋ ಸೆಕೆಂಡುಗಳು 60. ಆದ್ದರಿಂದ ಎರಡೆರಡು ಸೆಕೆಂಡನ್ನು ಒಂದಾಗಿ ಎಣಿಸುವ ಉಪಾಯ ಮಾಡಿದರು. ಬೆಸ ಸೆಕೆಂಡೆಂಬುದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇತ್ತ ವಿಂಡೋಸ್ ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಸಾಮಾನ್ಯವಾಗಿ ಇರುವುದು 1993ರಲ್ಲಿ ಬಂದ ಎನ್‌ಟಿಎಫ್‌ಎಸ್ ಪದ್ಧತಿ. ಅದು ಸೆಕೆಂಡಿನ ಒಂದು ಕೋಟಿಯಲ್ಲೊಂದು ಭಾಗದವರೆಗೂ ವೇಳೆಯನ್ನು ಗುರುತಿಸುತ್ತದೆ. ಇಲ್ಲಿಂದ ಅಲ್ಲಿಗೆ ಫೈಲು ಹೋದಾಗ ವೇಳೆಯನ್ನು ಸಾಮಾನ್ಯವಾಗಿ ಮುಂದಿನ ಸಮಸೆಕೆಂಡಿಗೆ ಏರಿಸಿ ಬರೆಯಲಾಗುತ್ತದೆ. ಹಟ್ಟಿಯ ಚಿನ್ನವನ್ನು ಹತ್ತಿಯ ಕಾಟಾದಲ್ಲಿ ತೂಗಿದಂತೆ ಇದು. ಚಿನ್ನ ಕಡಿಮೆಯಾಗಲಿಲ್ಲ, ಹೆಚ್ಚಲೂ ಇಲ್ಲ. ತಕ್ಕಡಿಯ ಕಲ್ಲುಗಳು ಬೇರೆ. ಆದರೆ ತಾಳೆ ನೋಡುವ ಯಂತ್ರಕ್ಕೆ ಆ ಒಂದೆರಡು ಸೆಕೆಂಡಿನ ಅಂತರವೇ ದೊಡ್ಡದಾಗಿ ಕಂಡು "ಪೆನ್ ಡ್ರೈವಿನಲ್ಲಿರುವುದು ಹೊಸದು" ಎನ್ನುತ್ತದೆ. ಹುಡುಗನ ಮೊದಲನೆಯ ತೀರ್ಪಿನ ಗುಟ್ಟು ಇದೇ. ಒಳ್ಳೆಯ ತಂತ್ರಾಂಶಗಳಲ್ಲಿ ಎರಡು ಸೆಕೆಂಡಿನ ಅಂತರವನ್ನು ಲೆಕ್ಕಕ್ಕೆ ಹಿಡಿಯದಿರುವ ಆಯ್ಕೆಯೊಂದು ಇರುತ್ತದೆ. ಅದನ್ನು ಹುಡುಕಿ ಗುರುತು ಹಾಕಿದರೆ ಈ ತೊಂದರೆ ತೀರುತ್ತದೆ.

ವಿದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಇನ್ನೊಂದು ತೊಡಕು ಕಾದಿರುತ್ತದೆ. ಫ್ಯಾಟ್ ಪದ್ಧತಿಯಲ್ಲಿ ಬರೆಯುವುದು ಆಯಾ ಊರಿನ ಗಡಿಯಾರದ ವೇಳೆ. ಯಾವ ಊರೆಂಬುದನ್ನು ಅದು ಬರೆಯುವುದಿಲ್ಲ. ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಜಗತ್ತಿಗೆಲ್ಲ ಒಂದೇ ಆದ ವೇಳೆಯನ್ನು ಬರೆದು, ತೋರಿಸುವಾಗ ಮಾತ್ರ ಊರಿನ ವೇಳೆಗೆ ಪರಿವರ್ತಿಸುತ್ತಾರೆ. ನ್ಯೂಜೆರ್ಸಿಯಲ್ಲಿ ಬರೆದ ಪೆನ್ ಡ್ರೈವನ್ನು ನೀರಮಾನ್ವಿಯಲ್ಲಿ ತೆರೆದರೆ ಅಲ್ಲಿನ ಬೆಳಿಗ್ಗೆ ಎಂಟು ಗಂಟೆಯನ್ನು ಯಂತ್ರವು ಇಲ್ಲಿನ ಬೆಳಿಗ್ಗೆ ಎಂಟು ಎಂದೇ ತಿಳಿಯುತ್ತದೆ. ಅಮೆರಿಕದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ಅಂತರ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ. ಯಾರೂ ಮುಟ್ಟದ ಫೈಲು ಋತು ಬದಲಾದೊಡನೆ ಬೇರೆಯೆಂದು ಕಾಣುವುದಕ್ಕೆ ಇದೂ ಒಂದು ಕಾರಣ.

ಅಳತೆಯ ಸಾಕ್ಷ್ಯ

ಎರಡನೆಯ ಸಾಕ್ಷಿ ಫೈಲಿನ ಅಳತೆ. ಅಳತೆ ಬೇರೆಯಾದರೆ ಒಳಗಿನ ಅಂಶವೂ ಬೇರೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅಳತೆ ಒಂದೇ ಆದಾಗ ಅಂಶವೂ ಒಂದೇ ಎಂದು ನಂಬುವುದು ದುಡುಕು. ಬೆರಳಚ್ಚು ಮಾಡಿದ ಒಂದು ಪತ್ರದಲ್ಲಿ ಸರ್ವೆ ನಂಬರು 27 ಎಂಬುದು 72 ಆಗಿಬಿಟ್ಟರೆ ಹೊಲವೇ ಬದಲಾಯಿತು. ಫೈಲಿನ ಅಳತೆ ಮಾತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಒಂದೇ ಅಳತೆಯ ಎರಡು ಡಬ್ಬಿಗಳಲ್ಲಿ ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಉಪ್ಪು ಇರಬಹುದೆಂಬುದನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ.

ಅಳತೆಯನ್ನು ಎಣಿಸುವುದರಲ್ಲಿಯೂ ಮತಭೇದಗಳುಂಟು. ಡಿಸ್ಕು ಮಾರುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಆದ್ದರಿಂದಲೇ 500 ಜಿಬಿ ಎಂದು ಕೊಂಡು ತಂದ ಡಿಸ್ಕು ಮನೆಯಲ್ಲಿ 465 ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ಕೂಗಾಡುವುದಕ್ಕೆ ಇದು ಕಾರಣವಲ್ಲ. ಫೋಲ್ಡರುಗಳನ್ನು ಹೋಲಿಸುವಾಗ ಯಂತ್ರವು ತನ್ನ ಅನುಕೂಲಕ್ಕಾಗಿ ಬಚ್ಚಿಟ್ಟುಕೊಂಡ ಸಣ್ಣ ಪುಟ್ಟ ಫೈಲುಗಳೂ ಲೆಕ್ಕಕ್ಕೆ ಸೇರಿ, ಎರಡೂ ಕಡೆಯ ಎಣಿಕೆ ಹೊಂದದೆ ಹೋಗುವುದುಂಟು.

ಅಂತರಂಗದ ಸಾಕ್ಷ್ಯ

ಮೂರನೆಯದು ನಿಜವಾದ ಪರೀಕ್ಷೆ: ಎರಡೂ ಫೈಲುಗಳನ್ನು ಮೊದಲಿನಿಂದ ಕೊನೆಯವರೆಗೆ ಬೈಟು ಬೈಟಾಗಿ ಓದಿ ನೋಡುವುದು. ಇದಕ್ಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ಅನೇಕ ತಂತ್ರಾಂಶಗಳು ಕೇಳದ ಹೊರತು ಈ ಪರೀಕ್ಷೆಗೆ ಕೈಹಾಕದೆ ತಾರೀಖು, ಅಳತೆಗಳನ್ನು ನೋಡಿಯೇ ತೀರ್ಪು ಬರೆದುಬಿಡುತ್ತವೆ. ವಾಚಕರು ತಮ್ಮ ತಂತ್ರಾಂಶದಲ್ಲಿ "ಒಳಗಿನ ಅಂಶವನ್ನು ಹೋಲಿಸು" ಎಂಬರ್ಥದ ಗುರುತು ಇದೆಯೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಆದರೆ ಹುಡುಗ ಈ ಪರೀಕ್ಷೆಯನ್ನೇ ನಡೆಸಿದ್ದ. ಬೆಳಿಗ್ಗೆ "ಒಂದೇ" ಎಂದದ್ದು ಸಂಜೆ "ಬೇರೆ" ಎಂದಿತೇಕೆ? ಇಲ್ಲಿ ಒಂದು ಸೂಕ್ಷ್ಮವಿದೆ. ಕಂಪ್ಯೂಟರು ಆಗತಾನೇ ಬರೆದ ಫೈಲನ್ನು ತನ್ನ ತಾತ್ಕಾಲಿಕ ನೆನಪಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತದೆ. ಕೂಡಲೇ ಅದನ್ನು ಓದು ಎಂದರೆ ಪೆನ್ ಡ್ರೈವಿನವರೆಗೆ ಹೋಗುವ ಶ್ರಮವನ್ನು ತಪ್ಪಿಸಿಕೊಂಡು ಎಷ್ಟೋ ಸಲ ಆ ನೆನಪಿನಿಂದಲೇ ಓದಿಬಿಡುತ್ತದೆ. ವಿದ್ಯಾರ್ಥಿಯು ಹಾಳೆಯ ಮೇಲೆ ಬರೆದದ್ದನ್ನು ಓದದೆ, ತಾನು ಬರೆಯಬೇಕೆಂದುಕೊಂಡದ್ದನ್ನು ಬಾಯಿಪಾಠ ಒಪ್ಪಿಸಿದಂತೆ. ಪೆನ್ ಡ್ರೈವನ್ನು ಕಿತ್ತು ಮತ್ತೆ ಸಿಕ್ಕಿಸಿದಾಗ ನೆನಪು ಅಳಿದು, ಯಂತ್ರವು ನಿಜವಾಗಿ ಅಲ್ಲಿ ಬರೆದದ್ದನ್ನೇ ಓದಬೇಕಾಯಿತು. ಅಲ್ಲಿ ಒಂದು ಕಡೆ ಅಚ್ಚು ಕೆಟ್ಟಿತ್ತು.

ಇದಕ್ಕಿಂತ ಕ್ರೂರವಾದ ಸಂಗತಿಯೂ ಉಂಟು. ಹೊರಗೆ 64 ಜಿಬಿ ಎಂದು ಬರೆದು ಒಳಗೆ ಅದರ ಎಂಟನೆಯ ಒಂದು ಪಾಲು ಸ್ಥಳವಿರುವ ಖೋಟಾ ಪೆನ್ ಡ್ರೈವುಗಳು ಸಂತೆ ಪೇಟೆಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಸ್ಥಳ ಮುಗಿದ ಮೇಲೂ ಅವು ಬೇಡವೆನ್ನುವುದಿಲ್ಲ. ಫೈಲಿನ ಹೆಸರು, ತಾರೀಖು, ಅಳತೆಗಳೆಲ್ಲ ಪಟ್ಟಿಯಲ್ಲಿ ಚೊಕ್ಕಟವಾಗಿ ಕಾಣುತ್ತವೆ. ಒಳಗೆ ಮಾತ್ರ ಏನೂ ಇರುವುದಿಲ್ಲ. ತಾರೀಖು ಮತ್ತು ಅಳತೆಗಳನ್ನಷ್ಟೇ ನಂಬಿ ಮೂಲವನ್ನು ಅಳಿಸಿದವರಿಗೆ ಉಳಿಯುವುದು ಹೆಸರುಗಳ ಪಟ್ಟಿ.

ಪ್ರತಿ ಸಲವೂ ಎರಡು ಫೈಲುಗಳನ್ನು ಎದುರುಬದುರು ಇಡುವ ಬದಲು ಫೈಲಿಗೊಂದು ಮುದ್ರೆಯನ್ನು ಲೆಕ್ಕಹಾಕಿ ಬರೆದಿಡುವ ಕ್ರಮವೂ ಇದೆ. ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರವು ಎಷ್ಟು ದೊಡ್ಡ ಫೈಲಿಗಾದರೂ 64 ಅಂಕಿ-ಅಕ್ಷರಗಳ ಒಂದು ಸಾಲನ್ನು ಕೊಡುತ್ತದೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಸಾಲು ಪೂರ್ತಿಯಾಗಿ ಬೇರೆಯಾಗುತ್ತದೆ. ಹಿಂದೆ ಇದಕ್ಕಾಗಿ ಬಳಕೆಯಲ್ಲಿದ್ದ ಎಂಡಿ5 ಎಂಬ ಲೆಕ್ಕದಲ್ಲಿ ಬೇರೆ ಬೇರೆ ಫೈಲುಗಳಿಗೆ ಒಂದೇ ಮುದ್ರೆ ಬರುವಂತೆ ಬೇಕೆಂದೇ ಮಾಡಬಹುದೆಂದು 2004ರಲ್ಲಿ ಚೀನದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅಕಸ್ಮಾತ್ತಾಗಿ ಕೆಟ್ಟದ್ದನ್ನು ಹಿಡಿಯಲು ಅದು ಸಾಕಾದರೂ, ಹೊಸದಾಗಿ ತೊಡಗುವವರು ಎಸ್‌ಎಚ್‌ಎ-256ನ್ನೇ ಆರಿಸಿಕೊಳ್ಳುವುದು ಲೇಸು. ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಇದಕ್ಕೆ ಬೇಕಾದ ಸಲಕರಣೆ ಮೊದಲೇ ಇರುತ್ತದೆ. ಹಣ ಕೊಟ್ಟು ಕೊಳ್ಳಬೇಕಾಗಿಲ್ಲ.

ಕನ್ನಡ ಅಕ್ಷರದ ಒಗಟು

ಕನ್ನಡ ಫೈಲುಗಳಿಗೆ ಮತ್ತೊಂದು ವಿಶೇಷ ತೊಡಕುಂಟು. ಅದಕ್ಕೆ "ನೀರಮಾನ್ವಿ" ಎಂಬ ಊರ ಹೆಸರೇ ಒಳ್ಳೆಯ ನಿದರ್ಶನ. ಶಾಲೆಯಲ್ಲಿ ಕಾಗುಣಿತ ಕಲಿಯುವಾಗ ನಕಾರಕ್ಕೆ ಗುಡಿಸಿನ ದೀರ್ಘ ಕೊಟ್ಟರೆ "ನೀ" ಎನ್ನುತ್ತಾರೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ ಈ ಗುಡಿಸಿನ ದೀರ್ಘವನ್ನು ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಚಿಹ್ನೆಯಾಗಿ, ಇಲ್ಲವೆ ಮೊದಲು ಗುಡಿಸು, ಆಮೇಲೊಂದು ದೀರ್ಘ ಎಂದು ಎರಡು ಚಿಹ್ನೆಗಳಾಗಿ. ಮೊದಲನೆಯ ಬಗೆಯಲ್ಲಿ ಊರ ಹೆಸರಿಗೆ 9 ಚಿಹ್ನೆ, ಎರಡನೆಯದರಲ್ಲಿ 10. ಬಹಳವಾಗಿ ಬಳಕೆಯಲ್ಲಿರುವ ಯುಟಿಎಫ್-8 ಬರವಣಿಗೆಯಲ್ಲಿ ಪ್ರತಿಯೊಂದು ಕನ್ನಡ ಚಿಹ್ನೆಗೂ 3 ಬೈಟು ಬೇಕು. ಹೀಗಾಗಿ ಒಂದು ನೀರಮಾನ್ವಿ 27 ಬೈಟು, ಇನ್ನೊಂದು ನೀರಮಾನ್ವಿ 30 ಬೈಟು! ಕಣ್ಣಿಗೆ ಎರಡೂ ಒಂದೇ. ಇವೆರಡನ್ನೂ ಸಮಾನವೆಂದು ತಿಳಿಯಬೇಕೆಂಬುದು ಯೂನಿಕೋಡಿನ ನಿಯಮ. ಆದರೆ ಬೈಟುಗಳನ್ನಷ್ಟೇ ಎಣಿಸುವ ತಂತ್ರಾಂಶ ಆ ನಿಯಮವನ್ನು ಗಮನಿಸದೆ "ಬೇರೆ" ಎನ್ನುತ್ತದೆ. ಏತ್ವ, ಐತ್ವ, ಓತ್ವಗಳ ದೀರ್ಘರೂಪಗಳಲ್ಲಿಯೂ ಇದೇ ಪಾಡು.

ಈ ತೊಡಕು ಫೈಲಿನ ಒಳಗೆ ಮಾತ್ರವಲ್ಲ, ಹೆಸರಿನಲ್ಲಿಯೂ ತಲೆಹಾಕುತ್ತದೆ. ಆಪಲ್ ಕಂಪನಿಯು 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿಯಲ್ಲಿ ಫೈಲಿನ ಹೆಸರಿನ ಇಂತಹ ಅಕ್ಷರಗಳನ್ನು ಬಿಡಿಸಿಯೇ ಬರೆಯಲಾಗುತ್ತಿತ್ತು. ವಿಂಡೋಸ್ ಕೊಟ್ಟದ್ದನ್ನು ಕೊಟ್ಟಂತೆಯೇ ಬರೆದುಕೊಳ್ಳುತ್ತದೆ. ಮಗನ ಮ್ಯಾಕ್ ಯಂತ್ರದಿಂದ ಬಂದ ಫೈಲೂ ತಂದೆಯ ವಿಂಡೋಸ್ ಯಂತ್ರದ ಫೈಲೂ ಒಂದೇ ಫೋಲ್ಡರಿನಲ್ಲಿ, ಅವಳಿ ಮಕ್ಕಳಂತೆ ಒಂದೇ ಹೆಸರು ಹೊತ್ತು ನಿಲ್ಲಬಲ್ಲವು. ಹೋಲಿಸುವ ಯಂತ್ರವು "ಇದು ಅಲ್ಲಿಲ್ಲ, ಅದು ಇಲ್ಲಿಲ್ಲ" ಎಂದು ವರದಿ ಮಾಡಿದಾಗ ಮನೆಮಂದಿಗೆ ದಿಗ್ಭ್ರಮೆಯಾಗುವುದು ಸಹಜ.

ಇನ್ನು ಹಳೆಯ ಬೆರಳಚ್ಚಿನ ಮಾತು. ಯೂನಿಕೋಡ್ ಮನೆಮಾತಾಗುವ ಮೊದಲು "ಬರಹ", "ನುಡಿ" ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಅಸಂಖ್ಯ ಫೈಲುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿ ಬರೆದಂಥವು. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಹಾಡು ಅದೇ, ಬೈಟುಗಳು ಮಾತ್ರ ಸಂಪೂರ್ಣವಾಗಿ ಬೇರೆ. ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿಬಿಡುವ ಅಭ್ಯಾಸವೂ ಅನೇಕರಿಗಿದೆ. ಕಣ್ಣಿಗೆ ಎರಡೂ ಒಂದೇ ದುಂಡು, ಯಂತ್ರಕ್ಕೆ ಒಂದು ಅಕ್ಷರ, ಇನ್ನೊಂದು ಅಂಕಿ. ಸಾಲಿನ ಕೊನೆಯೂ ಜಗಳಕ್ಕೆ ಕಾರಣವೇ. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಗಾಡಿಯನ್ನು ಹಿಂದಕ್ಕೆ ತಳ್ಳುವುದು ಒಂದು ಕೆಲಸ, ಕಾಗದವನ್ನು ಮೇಲಕ್ಕೆ ಸರಿಸುವುದು ಮತ್ತೊಂದು ಕೆಲಸ. ವಿಂಡೋಸ್ ಇಂದಿಗೂ ಆ ಎರಡಕ್ಕೂ ಒಂದೊಂದು ಗುರುತನ್ನು ಬರೆಯುತ್ತದೆ. ಲಿನಕ್ಸ್ ಒಂದೇ ಗುರುತಿನಲ್ಲಿ ಮುಗಿಸುತ್ತದೆ. ನೂರು ಸಾಲಿನ ಹಾಡಿಗೆ ನೂರು ಬೈಟಿನ ವ್ಯತ್ಯಾಸ. ಹಾಡಿನಲ್ಲಿ ಒಂದು ಮಾತ್ರೆಯ ವ್ಯತ್ಯಾಸವೂ ಇಲ್ಲ.

ಇದಕ್ಕೆ ವಿರುದ್ಧವಾದ ಸಂದರ್ಭವನ್ನೂ ಹೇಳಬೇಕು. ಜನರು "ಮಾನ್ವಿ" ಎಂದೂ ಬರೆಯುತ್ತಾರೆ, "ಮಾನವಿ" ಎಂದೂ ಬರೆಯುತ್ತಾರೆ. "ತಾಲೂಕು" ಎಂದೂ "ತಾಲ್ಲೂಕು" ಎಂದೂ ಬರೆಯುತ್ತಾರೆ. ಓದುವವರಿಗೆ ಊರು ಒಂದೇ, ತಾಲ್ಲೂಕು ಒಂದೇ. ಯಂತ್ರಕ್ಕೆ ಊರು ಗೊತ್ತಿಲ್ಲ; ಅದಕ್ಕೆ ಗೊತ್ತಿರುವುದು ಬೈಟುಗಳು ಮಾತ್ರ.

ವ್ಯತ್ಯಾಸದ ಬೆಲೆ

ಪ್ರತಿಗಳನ್ನು ತಾಳೆ ನೋಡುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ಮಾನ್ವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರ ಕೃತಿಗಳಂತಹ ದಾಸಸಾಹಿತ್ಯ ಕೈಬರಹದ ಪ್ರತಿಗಳ ಮೂಲಕವೂ ಮನೆಯಿಂದ ಮನೆಗೆ ಸಾಗಿಬಂದದ್ದು. ಪ್ರತಿಗಳಲ್ಲಿ ಭೇದ ಕಂಡಾಗ ಸಂಪಾದಕರು ಒಂದನ್ನು ಹರಿದು ಎಸೆಯದೆ "ಪಾಠಾಂತರ"ವೆಂದು ಗುರುತಿಸಿ ಉಳಿಸಿಕೊಂಡರು.

ರಾಯಚೂರು ಜಿಲ್ಲೆಯದೇ ಆದ ಮಸ್ಕಿಯ ಬಂಡೆ ಇದಕ್ಕಿಂತ ದೊಡ್ಡ ಪಾಠ ಹೇಳುತ್ತದೆ. ಸಾಮ್ರಾಟನೊಬ್ಬನ ಒಂದೇ ಶಾಸನದ ಪ್ರತಿಗಳನ್ನು ಹಲವು ಊರುಗಳಲ್ಲಿ ಕೆತ್ತಿಸಲಾಗಿತ್ತು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಪ್ರತಿಗಳು 1892ರಲ್ಲಿಯೇ ಬಿ. ಎಲ್. ರೈಸ್ ಅವರ ಕಣ್ಣಿಗೆ ಬಿದ್ದಿದ್ದವು. ಅವುಗಳಲ್ಲಿ ರಾಜನ ಹೆಸರಿಲ್ಲ. "ದೇವಾನಂಪಿಯ" ಎಂಬ ಬಿರುದು ಮಾತ್ರ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರು ಮಸ್ಕಿಯಲ್ಲಿ ಕಂಡ ಪ್ರತಿಯಲ್ಲಿ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇತ್ತು. ಬಿರುದಿನ ರಾಜನೇ ಅಶೋಕನೆಂಬುದು ಅದರಿಂದ ದೃಢಪಟ್ಟಿತು. "ಇತರ ಪ್ರತಿಗಳೊಡನೆ ಹೊಂದುವುದಿಲ್ಲ" ಎಂದು ಆ ಪ್ರತಿಯನ್ನು ಯಾರಾದರೂ ತಳ್ಳಿಹಾಕಿದ್ದರೆ ಆಗುತ್ತಿದ್ದ ನಷ್ಟವೆಷ್ಟು!

"ಬೇರೆ" ಎಂಬ ಮಾತಿನಿಂದ ಯಾವುದು ಸರಿ, ಯಾವುದು ತಪ್ಪು ಎಂಬುದು ತಿಳಿಯುವುದಿಲ್ಲ. ಅದನ್ನು ನಿರ್ಧರಿಸುವವರು ಮನುಷ್ಯರೇ. ಹೊಸ ತಾರೀಖಿನದೇ ಸರಿಯೆಂದು ತಿಳಿದು ಹಳೆಯದರ ಮೇಲೆ ಹೊಸದನ್ನು ತಾನಾಗಿಯೇ ಹೇರುವ ತಂತ್ರಾಂಶಗಳಿಗೆ ಅಧಿಕಾರ ಕೊಟ್ಟು ಮಲಗುವುದು ಅಪಾಯ.

ಮನೆಮಟ್ಟಿಗೆ ನಡೆಸಬಹುದಾದ ಕ್ರಮ ಸರಳವಾದುದೇ. ನಕಲು ಮಾಡಿದ ಮೇಲೆ ಪೆನ್ ಡ್ರೈವನ್ನು ಕ್ರಮವಾಗಿ ಬಿಡಿಸಿ ತೆಗೆದು, ಮತ್ತೆ ಸಿಕ್ಕಿಸಿ, ಸಾಧ್ಯವಾದರೆ ಮತ್ತೊಂದು ಕಂಪ್ಯೂಟರಿನಲ್ಲಿ, ಒಳಗಿನ ಅಂಶವನ್ನೇ ಹೋಲಿಸಬೇಕು. ಫೈಲುಗಳ ಮುದ್ರೆಯ ಪಟ್ಟಿಯೊಂದನ್ನು ಮಾಡಿ ಜೊತೆಗಿಟ್ಟರೆ ಹತ್ತು ವರ್ಷಗಳ ಮೇಲೂ ಪರೀಕ್ಷೆ ಸುಲಭ. ಪ್ರತಿ ಒಂದಲ್ಲ, ಎರಡು ಇರಲಿ. ಎರಡೂ ಒಂದೇ ಮನೆಯಲ್ಲಿ ಇರದಿರಲಿ. ಎರಡು ಪ್ರತಿಗಳು ಜಗಳವಾಡಿದಾಗ ಮೂರನೆಯದು ಸಾಕ್ಷಿ ಹೇಳುತ್ತದೆ. ಇವೆಲ್ಲ ಮುಗಿದ ಮೇಲೂ ಕೆಲವನ್ನಾದರೂ ತೆರೆದು ಕಣ್ಣಿನಿಂದ ನೋಡಬೇಕು, ಕಿವಿಯಿಂದ ಕೇಳಬೇಕು.

ನೀರಮಾನ್ವಿಯ ಆ ಮನೆಯಲ್ಲಿ ಕೆಂಪು ಗುರುತು ಬಿದ್ದದ್ದು ಅಜ್ಜಿಯ ಬೀಸುವ ಪದದ ಮೇಲೆ. ಹುಡುಗ ಪೆನ್ ಡ್ರೈವಿನ ಪ್ರತಿಯನ್ನು ಹಚ್ಚಿದ. ಎರಡು ನುಡಿ ಸರಿಯಾಗಿ ಬಂದು, ಮೂರನೆಯದರ ನಡುವೆ ಧ್ವನಿ ಹರಿದು ನಿಂತಿತು. ಹಳೆಯ ಕಂಪ್ಯೂಟರಿನದನ್ನು ಹಚ್ಚಿದಾಗ ಹಾಡು ಕಡೆಯವರೆಗೂ ತುಂಡಾಗದೆ ನಡೆಯಿತು. ಹಾಡು ಮುಗಿದ ಮೇಲೆ ಆಕೆ ಯಾರನ್ನೋ ಕರೆದ ದನಿಯೂ ಕೇಳಿಸಿತು. ಅಜ್ಜ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಇನ್ನೊಂದು ಹೊಸಾ ಪೆನ್ ಡ್ರೈವ್ ತರೋಣಪ್ಪ. ಅಲ್ಲಿತನಕ ಇದನ್ನ ಗುಜರಿಗೆ ಕೊಡೋದು ಬ್ಯಾಡ" ಎಂದರು.